ನಾನೂರ ಹದಿನೇಳನೆಯ ನೊಣ

ಕೊನೆಯ ನೆಂಟರು ಹೊರಟುಹೋದ ಮಾರನೆಯ ಬೆಳಿಗ್ಗೆ ನಾನು ಎರಡೇ ಲೋಟ ತೊಳೆದಿಟ್ಟೆ. ಮೂರನೆಯದಕ್ಕೆ ಕೈ ಹೋಗಲಿಲ್ಲ. ಹದಿನಾಲ್ಕು ದಿನಗಳಲ್ಲಿ ಕೈ ಕಲಿತುಬಿಟ್ಟಿತ್ತು.

ಅತ್ತೆ ನಡುಮನೆಯಲ್ಲಿ ಹೊಲಿಗೆ ಮಿಷನ್ನಿನ ಮುಸುಕು ತೆಗೆದಿದ್ದರು. ನಲವತ್ತು ವರ್ಷ ದರ್ಜಿ ಕೆಲಸ ಮಾಡಿ ಒಬ್ಬನೇ ಮಗನನ್ನು ಓದಿಸಿದವರು. ಆ ಮಗ, ನನ್ನ ಗಂಡ, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಬಸ್ ನಿಲ್ದಾಣದ ಬೆಂಚಿನ ಮೇಲೆ ಎದೆ ಹಿಡಿದು ಕುಳಿತವರು ಮತ್ತೆ ಏಳಲಿಲ್ಲ.

ಒಂಬತ್ತೂವರೆಗೆ ಫೋನ್ ಬಂತು. ದೊಡ್ಡ ಮೇಷ್ಟ್ರು. ನನ್ನ ಗಂಡ ಕೆಲಸ ಮಾಡುತ್ತಿದ್ದ ಕೀಟ ಸಂಗ್ರಹಾಲಯದ ಮುಖ್ಯಸ್ಥರು. ಅವರಿಗೆ ನೊಣಗಳ ಪಾಠ ಹೇಳಿದವರೂ ಇವರೇ. ಮೊದಲು ಊಟ, ನಿದ್ದೆ ವಿಚಾರಿಸಿದರು. ಆಮೇಲೆ ಹೇಳಿದರು:

"ಅಮ್ಮಾ, ಅವನ ಡಬ್ಬಿಯಲ್ಲಿ ಇರೋ ನೊಣ ಆ ನೊಣ ಅಲ್ಲ."

"ಯಾವ ನೊಣ ಸರ್?"

"ನಾನೂರ ಹದಿನೇಳು."

ಆ ಸಂಖ್ಯೆ ನಮ್ಮ ಮನೆಯಲ್ಲಿ ಒಬ್ಬ ನೆಂಟನ ಹೆಸರಿನ ಹಾಗೆ ಓಡಾಡಿದ್ದು. ಅರ್ಧ ಅಕ್ಕಿಕಾಳಿನಷ್ಟು, ಕಪ್ಪು, ಬೆನ್ನು ಗೂನು. ಮೂವತ್ತು ವರ್ಷಗಳಿಂದ ಎಲ್ಲರೂ, ದೊಡ್ಡ ಮೇಷ್ಟ್ರ ಪುಸ್ತಕವನ್ನು ನಂಬಿ, ಇಂಥ ನೊಣವನ್ನು ಗೂನುಬೆನ್ನಿನ ನೊಣಗಳ ಕುಟುಂಬಕ್ಕೆ ಸೇರಿಸಿದ್ದರು. ನನ್ನ ಗಂಡ ಅದರ ಒಂದು ಕಾಲು ತೆಗೆದು, ಅದರಲ್ಲಿದ್ದ ಡಿಎನ್‌ಎ ಓದಿದರು. ಹನ್ನೊಂದು ವಂಶವಾಹಿಗಳು. ಅರವತ್ತು ಬಗೆಯ ನೊಣಗಳ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸಿ, ಎಲ್ಲಿ ಎಷ್ಟು ಬದಲಾಗಿದೆ ಎಂದು ಎಣಿಸಿ, ಯಾರು ಯಾರಿಗೆ ಎಷ್ಟು ಹತ್ತಿರ ಎಂದು ತೋರಿಸುವ ವಂಶವೃಕ್ಷ ಬರೆದರು. ನಾನೂರ ಹದಿನೇಳು ಗೂನುಬೆನ್ನಿನವರ ಕೊಂಬೆಯ ಮೇಲೆ ಕೂರಲಿಲ್ಲ. ಬೇರೆಯೇ ಕೊಂಬೆಗೆ ಹಾರಿತು. ನೀರಿನ ಅಂಚಿನಲ್ಲಿ ಬದುಕುವ ದಡದ ನೊಣಗಳ ನಡುವೆ ಹೋಗಿ ಕೂತಿತು. ಮತ್ತೆ ಲೆಕ್ಕ ಹಾಕಿದರು. ಮತ್ತೆ ಅಲ್ಲೇ. ಕಲ್ಲಿನ ಸಂದಿಯಲ್ಲಿ ತಲೆಮಾರುಗಟ್ಟಲೆ ನುಸುಳಿ ನುಸುಳಿ ದಡದ ನೊಣವೊಂದು ಗೂನಾಗಿದೆ, ನೋಟ ನಮ್ಮನ್ನು ಮೋಸಗೊಳಿಸಿದೆ ಎಂದು ಬರೆದರು. ನಾಲ್ಕು ತಿಂಗಳ ಹಿಂದೆ ಲೇಖನ ಅಚ್ಚಾಯಿತು. ದೊಡ್ಡ ಮೇಷ್ಟ್ರ ಪುಸ್ತಕದ ಒಂದು ಅಧ್ಯಾಯ ಬಿದ್ದುಹೋಯಿತು.

ಈಗ ಅದೇ ಮೇಷ್ಟ್ರು ಹೇಳುತ್ತಿದ್ದರು: ಡಬ್ಬಿಯಲ್ಲಿ ಆ ಸಂಖ್ಯೆಯ ಚೀಟಿಯ ಮೇಲೆ ಸೂಜಿಗೆ ಚುಚ್ಚಿರುವುದು ಮಾಮೂಲಿ ದಡದ ನೊಣ. ದಡದ ನೊಣದ ಕಾಲು ಓದಿದರೆ ದಡದ ನೊಣದ ಅಕ್ಷರವೇ ಬರುತ್ತದೆ. ಶೋಧವೂ ಇಲ್ಲ, ಮಣ್ಣೂ ಇಲ್ಲ. ನೊಣ ಅದಲು ಬದಲಾಗಿದೆ, ಅಷ್ಟೇ. ತಾವು ತಿಳಿಸಿದ್ದಕ್ಕೆ ಪತ್ರಿಕೆಯವರು ಸೋಮವಾರದೊಳಗೆ ಉತ್ತರ ಕೇಳಿದ್ದಾರೆ. ಲೇಖನ ಹಿಂತೆಗೆದುಕೊಂಡರೆ ಕಾರಣ ಬರೆಯಬೇಕು. ಕಾರಣ ಎಂದರೆ ನನ್ನ ಗಂಡನ ಹೆಸರಿನ ಕೆಳಗೆ ಒಂದು ಸಾಲು. ಆ ಸಾಲು ಅಳಿಸುವಂಥದ್ದಲ್ಲ.

ಸರಿ ಸರ್ ಎಂದು ಫೋನ್ ಇಟ್ಟೆ.

ಮಿಷನ್ ನಿಂತಿತ್ತು. ಅತ್ತೆಗೆ ಎಲ್ಲವನ್ನೂ ಹೇಳಿದೆ.

"ಬೇರೆ ನೊಣದ ಕಾಲು ಕಿತ್ತ ಅಂತಾರಾ?"

"ಹೂಂ."

"ಅವನು ಹಾಗೆ ಮಾಡೋನಾ?"

"ಗೊತ್ತಿಲ್ಲ ಅತ್ತೆ."

ಅದು ನಿಜ. ಆ ದಿನಗಳಲ್ಲಿ ನನಗೆ ಯಾವುದೂ ಗೊತ್ತಿರಲಿಲ್ಲ. ಅತ್ತೆ ನನ್ನನ್ನೇ ನೋಡಿದರು. ಸೂಜಿಯ ದಾರ ಕತ್ತರಿಸಿದರು.

"ಗೊತ್ತಿಲ್ಲ ಅಂದ್ರೆ ಹೋಗಿ ತಿಳ್ಕೊಂಡು ಬರೋಣ. ಚಪ್ಪಲಿ ಹಾಕ್ಕೋ."

ಸಂಗ್ರಹದ ಕೋಣೆ ನೆಲಮಾಳಿಗೆಯಲ್ಲಿತ್ತು. ನುಸಿಗುಳಿಗೆಯ ವಾಸನೆ. ಎತ್ತರದ ಕಪಾಟುಗಳು, ಕಪಾಟಿನ ತುಂಬ ಗಾಜಿನ ಮುಚ್ಚಳದ ಡಬ್ಬಿಗಳು, ಡಬ್ಬಿಯ ತುಂಬ ಸೂಜಿಗೆ ಚುಚ್ಚಿದ ನೊಣಗಳು, ಪ್ರತಿ ನೊಣದ ಕೆಳಗೆ ಉಗುರಗಲದ ಚೀಟಿ. ಬಾಗಿಲ ಬಳಿಯ ಮೇಜಿನ ಹಿಂದೆ ಬೀಗದಕ್ಕ ಕೂತಿದ್ದರು. ಇಪ್ಪತ್ತಾರು ವರ್ಷಗಳಿಂದ ಈ ಕಪಾಟುಗಳ ಉಸ್ತುವಾರಿ ಅವರದು. ಸೊಂಟದ ಬೀಗದ ಕೈಗಳ ಗೊಂಚಲು ನೋಡಿ ನನ್ನ ಗಂಡ ಇಟ್ಟ ಹೆಸರು ಕಟ್ಟಡಕ್ಕೆಲ್ಲ ಅಂಟಿಕೊಂಡಿತ್ತು. ಹೋದ ವಾರ ಎರಡು ಸಲ ಮನೆಗೆ ಬಂದಿದ್ದರು. ಎರಡು ಸಲವೂ ಅರ್ಧ ಗಂಟೆ ಕೂತು, ಏನೂ ಮಾತಾಡದೆ ಎದ್ದು ಹೋಗಿದ್ದರು. ಅವರ ಮೇಜಿನ ಮೇಲಿನ ಗೋಡೆಗೆ ನನ್ನ ಗಂಡನ ಲೇಖನದ ಚಿತ್ರಪುಟವನ್ನು ಅಂಟಿಸಿಕೊಂಡಿದ್ದರು. ಮಗನ ಅಂಕಪಟ್ಟಿ ಅಂಟಿಸಿದ ಹಾಗೆ.

ದೊಡ್ಡ ಮೇಷ್ಟ್ರು ತಾವೇ ಡಬ್ಬಿ ತಂದಿಟ್ಟು ಸೂಕ್ಷ್ಮದರ್ಶಕದ ಕೆಳಗೆ ನೊಣವನ್ನು ಹೊಂದಿಸಿ ಕೊಟ್ಟರು. ನಾನು ನೋಡಿದೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದವಳು, ನೋಡಲು ಬರುತ್ತದೆ. ರೆಕ್ಕೆಯ ಮುಂದಂಚಿನ ನರ ಎರಡು ಕಡೆ ತುಂಡಾಗಿತ್ತು. ಇದು ದಡದ ನೊಣದ ಗುರುತು. ನಾನೂರ ಹದಿನೇಳರಲ್ಲಿ ಆ ನರ ಇಡಿಯಾಗಿದೆ, ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ ಎಂದು ನನ್ನ ಗಂಡ ನನಗೆ ನೂರು ಸಲ ಹೇಳಿದ್ದರು.

"ಇದು ಅದಲ್ಲ," ಎಂದೆ.

"ಅಲ್ಲ," ಎಂದರು ಮೇಷ್ಟ್ರು. ಅವರ ದನಿಯಲ್ಲಿ ದುಃಖವಿತ್ತು. ಗೆಲುವೂ ಇತ್ತೇ? ನನಗೆ ಕೇಳಿಸಿದ್ದು ಎರಡೂ.

ಈ ನೊಣದ ಇನ್ನೊಂದು ಕಾಲು ತೆಗೆದು ಓದಿಸಿ, ಅಕ್ಷರ ಬೇರೆ ಬಂದರೆ ಗೊತ್ತಾಗುವುದಲ್ಲ ಎಂದು ಕೇಳಿದೆ. ಯಂತ್ರದ ಸರದಿ ಮೂರು ತಿಂಗಳಿದೆ, ಪತ್ರಿಕೆಯವರು ಸೋಮವಾರ ಎಂದಿದ್ದಾರೆ ಎಂದರು. ಫ್ರೀಜರಿನಲ್ಲಿ ನನ್ನ ಗಂಡ ಉಳಿಸಿಟ್ಟ ಡಿಎನ್‌ಎ ದ್ರಾವಣ ಇದೆಯಲ್ಲ? ಇದೆ, ಆದರೆ ಅದು ಅಕ್ಷರ ಹೇಳುತ್ತದೆಯೇ ಹೊರತು ಯಾವ ನೊಣದ್ದು ಎಂದು ಹೇಳುವುದಿಲ್ಲ. ಅದನ್ನು ಹೇಳಬೇಕಾದದ್ದು ಈ ಸೂಜಿಯ ಮೇಲಿನ ನೊಣ ಒಂದೇ. ಈ ಜಾತಿಯ ನೊಣ ಸಿಕ್ಕಿರುವುದೇ ಮೂರು. ಮಿಕ್ಕ ಎರಡು ಸಮುದ್ರದಾಚೆಯ ಸಂಗ್ರಹಾಲಯದಲ್ಲಿವೆ, ಹಳತಾಗಿ ಪುಡಿಯಾಗುವ ಸ್ಥಿತಿಯಲ್ಲಿವೆ.

ಆಗ ಅತ್ತೆ ಕೇಳಿದರು:

"ಈ ಡಬ್ಬಿ ಬೀಗದ ಕೈ ಯಾರ್ ಯಾರ ಹತ್ರ ಇರುತ್ತೆ?"

ಮೂವರ ಹತ್ತಿರ. ಮೇಷ್ಟ್ರದ್ದೊಂದು, ಬೀಗದಕ್ಕನದ್ದೊಂದು, ನನ್ನ ಗಂಡನದ್ದೊಂದು.

"ಮಗನ ಬೀಗದ ಕೈ ಈಗ?"

"ನನ್ನ ಹತ್ರ ಇದೆ," ಎಂದಿತು ಬಾಗಿಲ ಬಳಿಯ ದನಿ.

ಅದು ನಾಲ್ಕಕ್ಷರ. ನನ್ನ ಗಂಡನ ಸಹೋದ್ಯೋಗಿ. ಡಿಎನ್‌ಎ ಬರಹಕ್ಕೆ ಇರುವುದು ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರ. ಆ ನಾಲ್ಕು ಬಿಟ್ಟು ಈತನಿಗೆ ಐದನೆಯದು ಗೊತ್ತಿಲ್ಲ ಎಂದು ನನ್ನ ಗಂಡ ಗೇಲಿ ಮಾಡುತ್ತಿದ್ದರು. ದಿನವಿಡೀ ಕಂಪ್ಯೂಟರಿನ ಮುಂದೆ. ನನ್ನ ಗಂಡನ ಮೇಜನ್ನು ಐದನೆಯ ದಿನಕ್ಕೇ ತನ್ನದಾಗಿಸಿಕೊಂಡಿದ್ದ. ಇನ್ನೊಂದು ಸಂಗತಿ ನನಗೆ ಗೊತ್ತಿತ್ತು. ಸಮುದ್ರದಾಚೆಯ ಹಳೆಯ ನೊಣದ ಇನ್ನೂರೇ ಅಕ್ಷರ ಇಟ್ಟುಕೊಂಡು ಇವನೂ ಒಂದು ವಂಶವೃಕ್ಷ ಬರೆದಿದ್ದ. ಅದರಲ್ಲಿ ಈ ನೊಣ ಗೂನುಬೆನ್ನಿನವರ ಕೊಂಬೆಯಲ್ಲೇ ಇತ್ತು. ನನ್ನ ಗಂಡನ ಲೇಖನ ಬಂದ ಮೇಲೆ ಅವನದು ಅಚ್ಚಾಗದೆ ಕೂತಿತ್ತು.

ಅತ್ತೆ ಅವನನ್ನು ಮೇಲಿಂದ ಕೆಳಗೆ ಅಳತೆ ತೆಗೆಯುವವರ ಹಾಗೆ ನೋಡಿದರು.

"ಏನಪ್ಪಾ, ಕಾಲು ಕೀಳೋ ಕೆಲಸ ನೀನೂ ಮಾಡ್ತೀಯಾ?"

ಅವನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. "ಮಾಡ್ತೀನಮ್ಮ. ಮೇಲಿನ ಪ್ರಯೋಗಾಲಯದಲ್ಲಿ ಎಲ್ಲರೂ ಮಾಡ್ತೀವಿ."

"ಆರರಲ್ಲಿ ಯಾವ್ದು ಕೈಗೆ ಸಿಕ್ಕರೆ ಅದಾ?"

"ಇಲ್ಲ. ಬಲಗಡೆ ನಡುಗಾಲು. ಮೇಷ್ಟ್ರ ಕಟ್ಟಪ್ಪಣೆ. ಎಡಗಡೆ ಮೂರೂ ಮುಂದೆ ನೋಡೋರಿಗೆ ಉಳೀಬೇಕು."

"ನನ್ನ ಮಗ?"

"ಅವನು ನಮಗೆಲ್ಲ ಹೇಳ್ಕೊಟ್ಟೋನು."

ಮಗ ಹೋದ ಮೇಲೆ ಯಾವತ್ತಾದರೂ ಡಬ್ಬಿ ತೆರೆದಿದ್ದೆಯಾ ಎಂದು ಅತ್ತೆ ಕೇಳಿದರು. ಇಲ್ಲ ಎಂದ. ಬೀಗದ ಕೈ ಯಾಕೆ ಇಟ್ಟುಕೊಂಡೆ ಎಂದರು. ಮೇಜಿನ ಖಾನೆಯಲ್ಲಿತ್ತು, ಮೇಜಿನ ಜೊತೆ ಬಂತು ಎಂದ. ಹೇಳುವಾಗ ನನ್ನ ಮುಖ ನೋಡಲಿಲ್ಲ. ಮೇಷ್ಟ್ರನ್ನು ಡಬ್ಬಿ ಯಾಕೆ ತೆಗೆದಿರಿ ಎಂದು ಕೇಳಿದರು. ತೀರಿಹೋದವರು ಬಳಸುತ್ತಿದ್ದ ನೊಣಗಳನ್ನು ದೊಡ್ಡ ಕಪಾಟಿಗೆ ಸೇರಿಸುವಾಗ ಒಂದೊಂದನ್ನೂ ನೋಡುವುದು ರೂಢಿ ಎಂದರು. ಅದೂ ಸರಿಯಾಗಿಯೇ ಇತ್ತು. ಆದರೆ ಆ ದಿನ ನನಗೆ ಯಾರ ಸರಿಯೂ ಸರಿ ಎನ್ನಿಸಲಿಲ್ಲ. ಬೀಗದಕ್ಕನನ್ನು ಅತ್ತೆ ಏನೂ ಕೇಳಲಿಲ್ಲ. ನೀರು ಮಾತ್ರ ಕೇಳಿ ಕುಡಿದರು.

ಹೊರಡುವ ಮುಂಚೆ, ನಾನೂ ಒಮ್ಮೆ ನೋಡಲಾ ಎಂದು ಸೂಕ್ಷ್ಮದರ್ಶಕಕ್ಕೆ ಬಗ್ಗಿದರು. ಬಹಳ ಹೊತ್ತು ನೋಡಿದರು. ಸೂಜಿಯನ್ನು ಸುತ್ತಲೂ ತಿರುಗಿಸಲು ಹೇಳಿದರು. ಚೀಟಿಯನ್ನೂ ತೋರಿಸಿ ಎಂದರು. ನನ್ನ ಗಂಡನ ಅಕ್ಷರ. ಸೂಜಿ ಹೋದ ತೂತು ಒಂದೇ.

"ಐದು ಕಾಲಿದೆ," ಎಂದಷ್ಟೇ ಹೇಳಿದರು.

ಬಸ್ಸಿನಲ್ಲಿ ನಾನು ಕೇಳಿದೆ: "ಯಾರ ಮೇಲೆ ಅನುಮಾನ?"

"ಎಲ್ಲರ ಮೇಲೂ. ನಿನ್ನ ಮೇಲೂ."

"ನನ್ನ ಮೇಲಾ?"

"ಬೆಳಿಗ್ಗೆ ಗೊತ್ತಿಲ್ಲ ಅಂದ್ಯಲ್ಲ," ಎಂದು ಕಿಟಕಿಯ ಕಡೆ ತಿರುಗಿದರು.

ಗುರುವಾರ ಮಧ್ಯಾಹ್ನ ಅತ್ತೆ ಲೇಖನ ತರಿಸಿಕೊಂಡರು. ಅಕ್ಷರ ಬೇಡ, ಚಿತ್ರ ತೋರಿಸು ಎಂದರು. ಚಿತ್ರಪುಟ ತೆಗೆದೆ. ಒಂಬತ್ತು ನೊಣಗಳು, ಒಂದೊಂದೂ ಅಂಚೆಚೀಟಿಯಷ್ಟು. ಮೂರನೆಯ ಸಾಲಿನ ಕೊನೆಯಲ್ಲಿ ನಾನೂರ ಹದಿನೇಳು. ರೆಕ್ಕೆ ಮಡಿಸಿಕೊಂಡಿತ್ತು, ನರ ಕಾಣುವಂತಿರಲಿಲ್ಲ. ಅತ್ತೆ ಸೂಜಿಗೆ ದಾರ ಪೋಣಿಸುವಾಗ ಬಳಸುವ ಭೂತಗನ್ನಡಿ ಹಿಡಿದರು.

"ಇದರ ಎಡಗಡೆ ನಡುಗಾಲಿಲ್ಲ."

ನಾನೂ ನೋಡಿದೆ. ನೊಣ ಎಡಕ್ಕೆ ಮುಖ ಮಾಡಿ ನಿಂತಿತ್ತು. ಎಡ ಮಗ್ಗುಲು ನಮಗೆ ಕಾಣುತ್ತಿತ್ತು. ನಡುಗಾಲು ಇರಬೇಕಾದ ಕಡೆ ಏನೂ ಇರಲಿಲ್ಲ.

"ಡಬ್ಬಿಯಲ್ಲಿ ಇರೋದಕ್ಕೂ ಎಡಗಡೇದೇ ಇಲ್ಲ," ಎಂದರು ಅತ್ತೆ. "ನಿನ್ನೆ ತಿರುಗಿಸಿ ನೋಡ್ದೆ."

ಚಿತ್ರದಲ್ಲಿರುವುದೂ ಡಬ್ಬಿಯಲ್ಲಿರುವುದೂ ಒಂದೇ ನೊಣ ಎಂದಾದರೆ ಅಲ್ಲಿಗೆ ಮುಗಿಯಿತು. ಬೇರೆಯವರು ಯಾರೂ ಏನೂ ಮಾಡಿಲ್ಲ. ಅವರೇ ದಡದ ನೊಣವನ್ನು ತೆಗೆದುಕೊಂಡಿದ್ದಾರೆ; ಎಲ್ಲರಿಗೂ ಹೇಳಿಕೊಟ್ಟವರು ಆ ದಿನ ಎಡಗಾಲನ್ನೇ ಕಿತ್ತಿದ್ದಾರೆ. ದಣಿದಿದ್ದರೇನೋ. ಎದೆನೋವು ಆಗಲೇ ಶುರುವಾಗಿತ್ತೇನೋ. ನನಗೆ ಹೇಳಲಿಲ್ಲವೇನೋ. ಇದನ್ನೆಲ್ಲ ಯೋಚಿಸುತ್ತ ನಾನು ಟವೆಲ್ ಮಡಿಸುತ್ತಿದ್ದೆ.

"ಇಷ್ಟೂ ನೊಣ ಒಂದೇ ಕಡೆ ಮುಖ ಮಾಡಿ ನಿಂತಿದಾವಲ್ಲ, ಪ್ರಾರ್ಥನೆಗೆ ನಿಂತ ಸ್ಕೂಲ್ ಮಕ್ಕಳ ಹಾಗೆ," ಎಂದರು ಅತ್ತೆ. "ಯಾರು ನಿಲ್ಲಿಸಿದ್ದು?"

"ಅದು ಪದ್ಧತಿ ಅತ್ತೆ. ಚಿತ್ರಪುಟದಲ್ಲಿ ಎಲ್ಲ ಎಡಕ್ಕೇ ನೋಡ್ಬೇಕು. ಹೋಲಿಸೋಕೆ ಸುಲಭ ಅಂತ."

"ಪದ್ಧತಿ ಇರಲಿ. ಕೈಯಾರೆ ನಿಲ್ಲಿಸಿದ್ದು ಯಾರು?"

ಟವೆಲ್ ಕೈಯಲ್ಲೇ ಉಳಿಯಿತು.

"ನಾನು," ಎಂದೆ.

ಅದೊಂದು ಭಾನುವಾರ. ಅವರು ಲೇಖನದ ಕೊನೆಯ ಪುಟಗಳನ್ನು ತಿದ್ದುತ್ತಿದ್ದರು. ಚಿತ್ರ ಹೊಂದಿಸುವ ಕೆಲಸ ನನಗೆ ಕೊಟ್ಟಿದ್ದರು. ಬಲಕ್ಕೆ ನೋಡುತ್ತಿದ್ದ ನೊಣಗಳನ್ನೆಲ್ಲ ನಾನು ಕಂಪ್ಯೂಟರಿನಲ್ಲಿ ಕನ್ನಡಿಯಲ್ಲಿ ತೋರಿಸಿದ ಹಾಗೆ ಮಗುಚಿ ಎಡಕ್ಕೆ ತಿರುಗಿಸಿದ್ದೆ. ಚೀಟಿ ಇದ್ದ ಅಂಚನ್ನು ಕತ್ತರಿಸಿ ಹಾಕಿದ್ದೆ, ಅಕ್ಷರ ಉಲ್ಟಾ ಕಾಣುತ್ತದೆ ಎಂದು.

ಮೂಲ ಚಿತ್ರ ನಮ್ಮ ಕಂಪ್ಯೂಟರಿನಲ್ಲೇ ಇತ್ತು. ತೆರೆದೆ. ನೊಣ ಬಲಕ್ಕೆ ನೋಡುತ್ತಿತ್ತು. ಪಕ್ಕದಲ್ಲಿ ಚೀಟಿ, ಅದರ ಮೇಲೆ ೪೧೭, ಅವರ ಅಕ್ಷರದಲ್ಲಿ, ನೆಟ್ಟಗೆ. ಬಲ ಮಗ್ಗುಲು ನಮ್ಮ ಕಡೆಗಿತ್ತು. ಇಲ್ಲದಿದ್ದದ್ದು ಬಲಗಡೆಯ ನಡುಗಾಲು.

ಅತ್ತೆ ಕುರ್ಚಿಗೆ ಒರಗಿದರು. ಆ ಹದಿನೈದು ದಿನಗಳಲ್ಲಿ ಅವರು ಒರಗಿದ್ದನ್ನು ನಾನು ನೋಡಿರಲಿಲ್ಲ.

"ನನ್ನ ಹತ್ರ ಕಲಿಯೋಕೆ ಬರ್ತಿದ್ದ ಒಬ್ಬಳು ಕಾಗದದ ಅಚ್ಚನ್ನ ಮಗುಚಿಟ್ಟು ಎರಡೂ ಎಡತೋಳೇ ಕತ್ತರಿಸಿಬಿಟ್ಟಿದ್ಳು. ಕತ್ತರಿ ಚೆನ್ನಾಗೇ ಹಿಡಿದಿದ್ಳು. ಆದ್ರೆ ಅವಳು ನೋಡಿದ್ದು ಅಚ್ಚನ್ನ, ಮೈಯನ್ನಲ್ಲ. ಇವರೂ ಹಾಗೇ. ನೊಣ ನೋಡಿ ಮಾಡಿಲ್ಲ. ಪುಟ ನೋಡಿ ಮಾಡಿದಾರೆ."

"ನಾಲ್ಕಕ್ಷರ," ಎಂದೆ. "ಅವನೇ. ಅವನು ನೊಣಾನ ನೋಡೋನೇ ಅಲ್ಲ."

ಅತ್ತೆ ಭೂತಗನ್ನಡಿಯನ್ನು ಎತ್ತಿಟ್ಟರು. ಮೇಷ್ಟ್ರಿಗೆ ಫೋನ್ ಮಾಡಿ, ನಾಳೆ ಹನ್ನೊಂದಕ್ಕೆ ಬೀಗದ ಕೈ ಇರೋ ಮೂವರೂ ಇರಲಿ ಅಂತ ಹೇಳು ಎಂದರು.

ಶುಕ್ರವಾರ ಹನ್ನೊಂದಕ್ಕೆ ನೆಲಮಾಳಿಗೆಯಲ್ಲಿ ಎಲ್ಲರೂ ಇದ್ದರು. ಮೇಷ್ಟ್ರು ನಿಂತೇ ಇದ್ದರು. ನಾಲ್ಕಕ್ಷರ ಗೋಡೆಗೆ ಒರಗಿ ಬೆರಳು ನೆಟಿಗೆ ಮುರಿಯುತ್ತಿದ್ದ. ಬೀಗದಕ್ಕ ತಮ್ಮ ಮೇಜಿನ ಹಿಂದೆ. ನಾನು ಮೂಲ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ತಂದಿದ್ದೆ. ಮೇಷ್ಟ್ರು ಅದನ್ನು ನೋಡಿದರು, ಸೂಕ್ಷ್ಮದರ್ಶಕಕ್ಕೆ ಬಗ್ಗಿದರು, ಮತ್ತೆ ಚಿತ್ರ ನೋಡಿದರು. ಕನ್ನಡಕ ತೆಗೆದರು.

"ಇಷ್ಟು ದಿನಾನೂ ನಾನು ರೆಕ್ಕೆ ನೋಡಿದೆ," ಎಂದರು. "ಕಾಲು ನೋಡ್ಲಿಲ್ಲ."

ಹಾಗಾದರೆ ನೊಣವನ್ನು ಅದಲು ಬದಲು ಮಾಡಿದ್ದಾರೆ ಎಂಬುದು ಖಂಡಿತ ಎಂದು ಅವರೇ ಒಪ್ಪಿಕೊಂಡರು. ಒಪ್ಪಿಕೊಂಡು ನಾಲ್ಕಕ್ಷರನ ಕಡೆ ತಿರುಗಿದರು. ನಾನೂ ತಿರುಗಿದೆ. ಅವನ ಮುಖ ಸುಣ್ಣದ ಹಾಗಾಯಿತು.

"ನಾನಲ್ಲ ಸರ್."

"ಅವನಲ್ಲ," ಎಂದರು ಅತ್ತೆ.

ಅವರು ಕುಳಿತಲ್ಲಿಂದಲೇ ಮಾತಾಡಿದರು. ಬಟ್ಟೆ ಕತ್ತರಿಸುವಾಗ ಮಾತಾಡುವ ದನಿ; ಏರಿಳಿತವಿಲ್ಲ.

"ಇವನು ಮಾಡಿದ್ರೆ ಪುಟ ನೋಡೋ ಅಗತ್ಯಾನೇ ಇಲ್ಲ. ಕಣ್ಣು ಮುಚ್ಕೊಂಡು ಬಲಗಾಲು ತೆಗೀತಾನೆ. ದಿನಾ ಮಾಡೋ ಕೆಲಸ. ನೀವೂ ಅಷ್ಟೇ ಸರ್, ಆ ಅಪ್ಪಣೆ ನಿಮ್ಮದೇ. ಚಿತ್ರ ಮಗುಚೋ ಪದ್ಧತೀನೂ ನಿಮ್ಮಿಬ್ಬರಿಗೂ ಗೊತ್ತು. ಗೊತ್ತಿದ್ದೋರು ಇದನ್ನ ನೋಡಿ ಮೋಸ ಹೋಗಲ್ಲ."

ಅತ್ತೆ ಚೀಟಿಯ ಕಡೆ ಬೆರಳು ತೋರಿಸಿದರು.

"ಇನ್ನೊಂದು. ಚೀಟಿಯಲ್ಲಿ ಒಂದೇ ತೂತು. ಹಳೇ ಸೂಜಿಯಿಂದ ಎತ್ತಿ, ಹೊಸ ಸೂಜಿಗೆ, ಅದೇ ತೂತಿನಲ್ಲಿ ಪೋಣಿಸಿದಾರೆ. ಹರಿದಿಲ್ಲ, ಅಗಲ ಆಗಿಲ್ಲ. ನಲವತ್ತು ವರ್ಷ ಸೂಜಿ ಹಿಡಿದ ನನಗೂ ಅದು ಒಂದೇ ಸಲಕ್ಕೆ ಆಗಲ್ಲ. ಕಂಪ್ಯೂಟರ್ ಕುಟ್ಟೋ ಕೈ ಅಲ್ಲ ಅದು. ಅಂದ್ರೆ ಸೂಜಿ, ಚೀಟಿ ಚೆನ್ನಾಗಿ ಪಳಗಿರೋರು. ಬೀಗದ ಕೈ ಇರೋರು. ಆದ್ರೆ ಕಾಲು ತೆಗೆಯೋ ಕೋಣೆಗೆ ಹೋಗದೆ ಇರೋರು. ಕೂತಲ್ಲಿಂದ ತಲೆ ಎತ್ತಿದ್ರೆ ಆ ಪುಟ ಕಾಣೋರು."

ಎಲ್ಲರೂ ಗೋಡೆಯ ಮೇಲಿನ ಚಿತ್ರಪುಟ ನೋಡಿದೆವು. ಅದರ ಕೆಳಗೆ ಕೂತಿದ್ದವರನ್ನು ನೋಡಲು ಸ್ವಲ್ಪ ಹೊತ್ತು ಬೇಕಾಯಿತು.

"ಅಕ್ಕಾ," ಎಂದೆ ನಾನು.

ಬೀಗದಕ್ಕ ತಲೆ ಎತ್ತಲಿಲ್ಲ.

ಮೇಷ್ಟ್ರಿಗೆ ನಂಬಿಕೆಯಾಗಲಿಲ್ಲ. ಇವರಿಗೆ ಅವನ ಮೇಲೆ ಎಂಥ ಹಗೆ ಎಂದರು. ಅವನ ಶೋಧ ಸುಳ್ಳಾಗಲಿ ಎನ್ನುವವರಲ್ಲವೇ ದಡದ ನೊಣವನ್ನೇ ಹುಡುಕಿ ತಂದಿಡುವುದು? ಹಗೆ ಇಲ್ಲದವರು ನೋಡಲು ಹಾಗೇ ಇರುವ ಗೂನುಬೆನ್ನಿನ ನೊಣ ಇಡುವುದಿಲ್ಲವೇ?

"ಹಗೆ ಇದ್ದೋರು ದಡದ ನೊಣ ಇಡ್ತಾರೆ, ನಿಜ," ಎಂದರು ಅತ್ತೆ. "ನಂಬಿದೋರೂ ಅದನ್ನೇ ಇಡ್ತಾರೆ. ಯಾಕಮ್ಮ, ಅಲ್ವಾ?"

ಆಗ ಬೀಗದಕ್ಕ ಮಾತಾಡಿದರು. ಎಲ್ಲವನ್ನೂ ನೆಲಕ್ಕೇ ಹೇಳಿದರು.

ನನ್ನ ಗಂಡ ತೀರಿಹೋದ ಎರಡನೆಯ ದಿನ. ಅವರ ನೊಣಗಳನ್ನು ಬೇರೆಯವರು ಮುಟ್ಟುವ ಮುಂಚೆ ತಾನೇ ಜೋಪಾನ ಮಾಡೋಣ ಎಂದು ಡಬ್ಬಿ ತೆರೆದಿದ್ದಾರೆ. ನಾನೂರ ಹದಿನೇಳರ ಸೂಜಿ ಸ್ವಲ್ಪ ವಾಲಿತ್ತು. ನೆಟ್ಟಗೆ ಮಾಡಲು ಹಿಡಿದಿದ್ದಾರೆ. ಸೂಜಿ ಚಿಮ್ಮಿತು. ನೊಣ ಮೇಜಿಗೆ ಬಡಿದು ಚೂರಾಯಿತು. ಕಾಲುಗಳೆಲ್ಲ ಕಳಚಿ ಬಿದ್ದವು.

"ಅವನೇ ಹೋಗಿ ಎರಡು ದಿನ. ಅವನ ನೊಣಾನೂ ಮುರಿದೆ ಅಂತ ಯಾರ ಹತ್ರ ಹೇಳ್ಲಿ? ಅದರ ತರದ್ದೇ ಇನ್ನೊಂದು ಇಡೋಣ ಅನ್ನಿಸ್ತು. ಅವನೇ ಬರ್ದಿದ್ನಲ್ಲ, ಇದರ ಒಡಹುಟ್ಟಿದವರೆಲ್ಲ ದಡದ ನೊಣದ ಕಪಾಟಲ್ಲಿದಾರೆ ಅಂತ. ಅಲ್ಲಿಗೇ ಹೋದೆ. ಇದ್ದಿದ್ರಲ್ಲಿ ಬೆನ್ನು ಬಗ್ಗಿದ್ದು ಒಂದನ್ನ ಆರಿಸ್ದೆ. ಯಾವ ಕಾಲಿರಲಿಲ್ಲ ಅಂತ ಗೋಡೆ ನೋಡಿ ತಿಳ್ಕೊಂಡೆ."

ಆ ಕಟ್ಟಡದಲ್ಲಿ ನನ್ನ ಗಂಡನ ಲೇಖನವನ್ನು ಹದಿನಾಲ್ಕು ಜನ ಓದಿದ್ದರು. ಹದಿಮೂರು ಜನ ಅದನ್ನು ಪರೀಕ್ಷಿಸಿದ್ದರು, ಪ್ರಶ್ನಿಸಿದ್ದರು, ಒಪ್ಪಿದ್ದರು ಅಥವಾ ತಲೆ ಅಲ್ಲಾಡಿಸಿದ್ದರು. ಒಬ್ಬರು ಮಾತ್ರ ಅಕ್ಷರಶಃ ನಂಬಿ, ಅದರಂತೆ ಕಪಾಟು ತೆರೆದಿದ್ದರು. ವಂಶದಲ್ಲಿ ಹತ್ತಿರದವರು ನೋಟದಲ್ಲಿ ದೂರ ಇರಬಹುದು ಎಂಬುದೇ ಆ ಲೇಖನದ ತಿರುಳು. ಆ ತಿರುಳು ಮಾತ್ರ ಅವರಿಗೆ ಸಿಕ್ಕಿರಲಿಲ್ಲ.

"ಮೇಷ್ಟ್ರು ನೋಡಿದ ಮೇಲಾದ್ರೂ ಹೇಳ್ಬಹುದಿತ್ತು," ಎಂದ ನಾಲ್ಕಕ್ಷರ.

"ಅದಕ್ಕೂ ಮುಂಚೇನೇ ಹೇಳೋಣ ಅಂತ ಎರಡು ಸಲ ಇವರ ಮನೆಗೆ ಹೋದೆ. ಬಾಯಿ ಬರಲಿಲ್ಲ."

"ಚೂರುಗಳು?" ಎಂದು ಕೇಳಿದರು ಅತ್ತೆ. "ಎಸೆದ್ರಾ?"

ಬೀಗದಕ್ಕ ಮೊದಲ ಸಲ ತಲೆ ಎತ್ತಿದರು. ಇಪ್ಪತ್ತಾರು ವರ್ಷದಲ್ಲಿ ತಾನು ಏನನ್ನೂ ಎಸೆದಿಲ್ಲ ಎಂದರು. ಮೇಜಿನ ಖಾನೆಯಿಂದ ಒಂದು ಔಷಧದ ಕ್ಯಾಪ್ಸೂಲ್ ತೆಗೆದರು. ಒಳಗಿನ ಪುಡಿ ಚೆಲ್ಲಿ, ಚೂರುಗಳನ್ನು ತುಂಬಿ, ಮುಚ್ಚಿ ಇಟ್ಟಿದ್ದರು.

ಮೇಷ್ಟ್ರು ಅದನ್ನು ಬಿಡಿಸಿ ಗಾಜಿನ ತಟ್ಟೆಗೆ ಇಳಿಸಲು ಕಾಲು ಗಂಟೆ ತೆಗೆದುಕೊಂಡರು. ನೋಡಿದರು. ಬಲಗಡೆ ನಡುಗಾಲಿನ ಬುಡ ನೀಟಾಗಿ ಕತ್ತರಿಸಿದ್ದು, ಮಿಕ್ಕ ಐದು ಮುರಿದದ್ದು ಎಂದರು. ಒಂದು ರೆಕ್ಕೆ ಪೂರ್ತಿ ಉಳಿದಿದೆ ಎಂದರು. ನಾನು ಕೇಳಿದೆ:

"ನರ ಸರ್?"

"ಇಡಿಯಾಗಿದೆ."

ಅವರು ಕುರ್ಚಿ ಎಳೆದುಕೊಂಡು ಕೂತರು. ಇನ್ನೊಮ್ಮೆ ನೋಡಿದರು. "ಗೂನುಬೆನ್ನಿನ ಹಾಗೇ ಇದೆ. ಯಾರಿಗೆ ಬೇಕಾದ್ರೂ ತೋರಿಸಿ, ಹಾಗೇ ಅಂತಾರೆ. ನಾನು ಮೂವತ್ತು ವರ್ಷ ಅಂದೆ." ಸ್ವಲ್ಪ ಹೊತ್ತಿನ ಮೇಲೆ, "ನನ್ನ ಅಧ್ಯಾಯ ಹೋಯ್ತು," ಎಂದರು. ಅದರಲ್ಲಿ ಗೆಲುವಿರಲಿಲ್ಲ, ಸೋಲಿದ್ದಂತೆಯೂ ನನಗೆ ಕೇಳಿಸಲಿಲ್ಲ. ಪತ್ರಿಕೆಗೆ ತಾವೇ ಬರೆಯುವುದಾಗಿ ಹೇಳಿದರು: ಮಾದರಿ ಸಂಗ್ರಹಾಲಯದಲ್ಲಿ ಹಾನಿಗೊಂಡಿದೆ, ಚೂರುಗಳು ಉಳಿದಿವೆ, ಗುರುತು ಸರಿಯಾಗಿದೆ, ಲೇಖನ ನಿಲ್ಲುತ್ತದೆ.

ನಾಲ್ಕಕ್ಷರ ಜೇಬಿನಿಂದ ಬೀಗದ ಕೈ ತೆಗೆದು ಮೇಜಿನ ಮೇಲೆ ಇಟ್ಟ. ತನ್ನ ಇನ್ನೂರು ಅಕ್ಷರದ ಮರವನ್ನು ಕಡಿದು ಹಾಕಬೇಕು ಎಂದು ಯಾರಿಗೂ ಅಲ್ಲದ ಹಾಗೆ ಹೇಳಿದ. ನನ್ನ ಮುಖ ನೋಡಿ ಹೇಳಿದ್ದು ಒಂದೇ ಮಾತು: "ಮೇಜು ಖಾಲಿ ಮಾಡ್ತೀನಿ." ಬೇಡ ಎಂದೆ.

ಹಾನಿಯ ಪುಸ್ತಕ ಬಂತು. ಯಾವ ನೊಣ, ಯಾವ ದಿನ, ಯಾರ ಕೈಯಲ್ಲಿ, ಹೇಗೆ. ಅದಲು ಬದಲಿನ ವಿಷಯವನ್ನು ಬರೆದರೆ ಬೀಗದಕ್ಕನ ಕೆಲಸ ಉಳಿಯುವುದಿಲ್ಲ. ಅವರ ನಿವೃತ್ತಿಗೆ ಇನ್ನು ಏಳು ತಿಂಗಳಷ್ಟೇ ಇತ್ತು. ಮೇಷ್ಟ್ರು ನನ್ನನ್ನು ಕೇಳಿದರು.

"ಏನು ಬರೀಲಮ್ಮ?"

ನಾನು ಅತ್ತೆಯ ಕಡೆ ನೋಡಿದೆ. ಅತ್ತೆ ಸಹಾಯಕ್ಕೆ ಬರಲಿಲ್ಲ. ಇದು ನಿನ್ನದು ಎನ್ನುವ ಹಾಗೆ ಕೈ ಕಟ್ಟಿ ಕೂತಿದ್ದರು. ನಾನು ಬೀಗದಕ್ಕನನ್ನು ಕೇಳಿದೆ:

"ಇಷ್ಟು ವರ್ಷ ಸಾವಿರಾರು ಸೂಜಿ ಹಿಡಿದೋರು ನೀವು. ಇದೊಂದು ಯಾಕೆ ಚಿಮ್ಮಿತು ಅಕ್ಕ?"

ಅವರು ಹೇಳಲೋ ಬೇಡವೋ ಎಂದು ತಡೆದರು.

"ಸಣ್ಣ ಚಿಮಟ ಇರಲಿಲ್ಲ. ದಪ್ಪದ್ರಲ್ಲಿ ಹಿಡಿದೆ."

"ಸಣ್ಣದು?"

"ಅವನು ತಗೊಂಡು ಹೋಗಿದ್ದ. ಮನೇಲಿ ಒಂದು ಕೆಲಸ ಇದೆ, ನಾಳೆ ಸಂಜೆ ಕೊಡ್ತೀನಿ ಅಕ್ಕ ಅಂದಿದ್ದ." ಆಮೇಲೆ ಬೇಗ ಬೇಗ ಹೇಳಿದರು, "ಅವನ ಮೇಲೆ ಹೇಳ್ತಿಲ್ಲ ತಾಯಿ. ಕೇಳಿದ್ಯಲ್ಲ ಅಂತ ಹೇಳ್ದೆ."

ನಾನು ಮೇಷ್ಟ್ರಿಗೆ ಹೇಳಿದೆ: ಸಣ್ಣ ಚಿಮಟ ಇಲ್ಲದೆ ಮುರಿಯಿತು ಎಂದು ಬರೆಯಿರಿ. ಚೂರುಗಳನ್ನು ಉಳಿಸಿಟ್ಟಿದ್ದಾರೆ ಎಂದು ಬರೆಯಿರಿ. ಅವರು ನನ್ನನ್ನು ನೋಡಿದರು, ಅಷ್ಟನ್ನೇ ಬರೆದರು, ಬೀಗದಕ್ಕನ ಸಹಿ ತೆಗೆದುಕೊಂಡರು.

ಬಸ್ ನಿಲ್ದಾಣದಿಂದ ಬಂದ ಚೀಲವನ್ನು ನಾನು ಅಲ್ಲಿಯವರೆಗೆ ತೆರೆದಿರಲಿಲ್ಲ. ಶನಿವಾರ ತೆರೆದೆ. ಒಂದು ಛತ್ರಿ, ಅರ್ಧ ಓದಿದ ಪ್ರಬಂಧಗಳ ಕಟ್ಟು, ನನ್ನ ಕನ್ನಡಕ. ಹದಿನೇಳು ದಿನಗಳಿಂದ ಹುಡುಕುತ್ತಿದ್ದದ್ದು. ಅದರ ತಿರುಪು ಕಳಚಿ ಕಡ್ಡಿ ಬಿದ್ದುಹೋಗಿತ್ತು. ಈಗ ಹೊಸ ತಿರುಪು ಕೂತಿತ್ತು, ಎಳ್ಳಿಗಿಂತ ಸಣ್ಣದು. ಪಕ್ಕದಲ್ಲಿ ಬಟ್ಟೆಯ ಸಣ್ಣ ಚೀಲ, ಅದರಲ್ಲಿ ಚಿಮಟ. ಮನೆಯಲ್ಲಿ ಒಂದು ಕೆಲಸ ಎಂದರೆ ಇದು. ನಾನು ಅಡುಗೆಮನೆಯ ನೆಲದ ಮೇಲೆ ಕೂತೆ. ಅತ್ತೆ ಬಂದು ಪಕ್ಕದಲ್ಲಿ ಕೂತರು. ಹದಿನೇಳು ದಿನಗಳಲ್ಲಿ ಮೊದಲ ಸಲ ನಾನು ಅತ್ತುಬಿಟ್ಟೆ.

ಸೋಮವಾರ ಒಬ್ಬಳೇ ಹೋದೆ. ಬೀಗದಕ್ಕ ನನ್ನನ್ನು ಕಂಡು ಎದ್ದು ನಿಂತರು. ಚಿಮಟವನ್ನು ಅವರ ಅಂಗೈಯಲ್ಲಿ ಇಟ್ಟೆ.

"ಸಂಜೆ ಕೊಡ್ತೀನಿ ಅಂದಿದ್ರಂತೆ," ಎಂದೆ. "ತಡ ಆಯ್ತು ಅಕ್ಕ."

ಅವರು ಅದನ್ನು ಬೆಳಕಿಗೆ ಹಿಡಿದು, ಎರಡು ತುದಿಗಳೂ ಕೂಡುತ್ತವೆಯೇ ಎಂದು ಒತ್ತಿ ನೋಡಿದರು.